ಕಟಾಂಜನದ ಬಿಳಿ ಬಣ್ಣ ಕಲಿಸಿದ್ದು

ಹಳೆಯ ಮನೆಯ ದಾರಂದ, ಕಿಟಕಿ ಚೌಕಟ್ಟುಗಳ ಬಣ್ಣ ತೆಗೆಸಿ, ಅಡಿಯಲ್ಲಿ ಅಡಗಿರುವ ತೇಗವನ್ನು ಮತ್ತೆ ಕಾಣಬೇಕೆಂಬ ಆಸೆ ಅನೇಕರಿಗಿದೆ. ತಿಳಿದ ಪೇಂಟರ್ ಮೊದಲು ಹೇಳುವ ಮಾತು: ಒಣ ಉಪ್ಪುಕಾಗದದಲ್ಲಿ ಉಜ್ಜಬೇಡಿ, ನೀರು ಚಿಮುಕಿಸಿ ಕೆರೆಯಿರಿ. ಹಳೆಯ ಬಣ್ಣದಲ್ಲಿ ಸೀಸವಿರಬಹುದು, ಅದರ ಧೂಳು ವಿಷ ಎಂಬ ಈ ಎಚ್ಚರದ ಬೇರು ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿದೆ.

ಅಲ್ಲಿನ ಮನೆಗಳು ಮರದವು. ಸೆಕೆಗೆಂದು ಅಗಲವಾದ ಜಗಲಿ, ಜಗಲಿಗೆ ಮರದ ಕಟಾಂಜನ, ಅದಕ್ಕೆ ಅಗಸೆ ಎಣ್ಣೆಯಲ್ಲಿ ಸೀಸದ ಸಫೇದ ಕಲಸಿದ ಬಿಳಿ ಬಣ್ಣ. ವರ್ಷಗಟ್ಟಲೆ ಬಿಸಿಲು ತಿಂದ ಬಣ್ಣ ಪುಡಿಯಾಗಿ, ಮುಟ್ಟಿದ ಬೆರಳಿಗೆಲ್ಲ ಹತ್ತುತ್ತಿತ್ತು. 1890ರ ದಶಕದಲ್ಲಿ ಜೆಫರಿಸ್ ಟರ್ನರ್ ಎಂಬ ವೈದ್ಯರು ಅಲ್ಲಿನ ಮಕ್ಕಳಲ್ಲಿ ಸೀಸದ ವಿಷವೇರಿದ್ದನ್ನು ಗುರುತಿಸಿದರು. ಅದು ಎಲ್ಲಿಂದ ಬಂತು? ಕಣ್ಣಿನ ವೈದ್ಯ ಜಾನ್ ಲಾಕ್‌ಹಾರ್ಟ್ ಗಿಬ್ಸನ್ 1904ರಲ್ಲಿ ಕಟಾಂಜನದ ಕಡೆಗೇ ಬೆರಳು ತೋರಿಸಿದರು. ಮಕ್ಕಳು ಅದನ್ನು ಹಿಡಿದು ಆಡುತ್ತಾರೆ, ಅದೇ ಬೆರಳು ಚೀಪುತ್ತಾರೆ, ಉಗುರು ಕಚ್ಚುತ್ತಾರೆ. ಇಷ್ಟು ಸರಳ ಸತ್ಯ ಕಾನೂನಾಗಲು 1922ರವರೆಗೆ ಕಾಯಬೇಕಾಯಿತು. ಆಗ ಕ್ವೀನ್ಸ್‌ಲ್ಯಾಂಡ್ ರಾಜ್ಯ ಮಕ್ಕಳ ಕೈಗೆಟುಕುವಲ್ಲಿ ಸೀಸದ ಬಣ್ಣವನ್ನು ತಡೆಯಿತು. ಅಮೆರಿಕ ಮನೆಬಣ್ಣದಲ್ಲಿ ಅದನ್ನು ನಿಷೇಧಿಸಿದ್ದು 1978ರಲ್ಲಿ. ನಮ್ಮಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗ ಸೀಸವೆಂಬ ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದೆ ಬಳಿದ ಬಣ್ಣವನ್ನು ಪರೀಕ್ಷೆ ಮಾಡಿಸದೆ ನಂಬುವಂತಿಲ್ಲ.

ತೆಗೆಯುವ ದಾರಿಗಳೂ ಪೆಟ್ಟು ತಿಂದೇ ಬದಲಾದವು. ಬ್ಲೋಲ್ಯಾಂಪಿನ ಬೆಂಕಿ ಬಣ್ಣವನ್ನು ಮೆತ್ತಗಾಗಿಸುತ್ತದೆ, ಜೊತೆಗೆ ಸೀಸವನ್ನು ಹೊಗೆಯಾಗಿಸುತ್ತದೆ. ಕಾಸ್ಟಿಕ್ ಸೋಡಾ ತೇಗವನ್ನು ಕಪ್ಪಾಗಿಸುತ್ತದೆ. ಆಮೇಲೆ ಬಂದ ಡೈಕ್ಲೋರೋಮೀಥೇನ್ ಬೆರೆತ ರಿಮೂವರ್ ಎಲ್ಲರನ್ನೂ ಗೆದ್ದಿತು: ಬಳಿದ ಕೆಲವೇ ನಿಮಿಷಕ್ಕೆ ಪೇಂಟು ಕಾದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಮೇಲೇಳುತ್ತದೆ. ಆದರೆ ಅದರ ಆವಿ ಗಾಳಿಗಿಂತ ಭಾರ, ಮುಚ್ಚಿದ ಕೋಣೆಯಲ್ಲಿ ತಳದಲ್ಲೇ ನಿಲ್ಲುತ್ತದೆ. ಉಸಿರಿನೊಂದಿಗೆ ಒಳಹೋದದ್ದು ಮೈಯಲ್ಲಿ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಬಚ್ಚಲುಮನೆಗಳಲ್ಲಿ ಕೆಲಸ ಮಾಡುತ್ತಲೇ ಜನ ಸತ್ತಿದ್ದಾರೆ. ಮನೆಬಳಕೆಯ ಇಂಥ ರಿಮೂವರ್ ಮಾರಾಟವನ್ನು ಅಮೆರಿಕ 2019ರಲ್ಲಿ ನಿಲ್ಲಿಸಿತು. ಕೊಳ್ಳುವ ಮುನ್ನ ಡಬ್ಬಿಯ ಮೇಲೆ ಡೈಕ್ಲೋರೋಮೀಥೇನ್ ಹೆಸರಿದೆಯೇ ಎಂದು ಓದಿ ನೋಡುವುದು ಒಳ್ಳೆಯದು.

ಬಣ್ಣ ಹೋದರೂ ಅದರಡಿಯ ಸ್ಟೇನ್ ಹೋಗುವುದಿಲ್ಲ. ಪೇಂಟು ಮೇಲೆ ಕೂರುತ್ತದೆ, ಸ್ಟೇನ್ ಮರದ ಎಳೆಗಿಳಿಯುತ್ತದೆ. ಪೂರ್ತಿ ತೆಗೆಯಲು ಹೊರಟರೆ ಅಂಚಿನ ಗೆರೆ, ಹೂವಿನ ಕೆತ್ತನೆ ಸವೆದು ಮೊಂಡಾಗುತ್ತವೆ. ಸಂದಿಯಲ್ಲಿ ಒಂದಿಷ್ಟು ಕಂದು ಉಳಿದರೆ ಉಳಿಯಲಿ. ಕೆತ್ತಿದವನ ಉಳಿಯ ಗುರುತು ಅದಕ್ಕಿಂತ ದೊಡ್ಡದು.

ಕೆಲಸ ಮುಗಿಯುವತನಕ ಮಕ್ಕಳು, ಗರ್ಭಿಣಿಯರು ಆ ಮನೆಯಲ್ಲಿ ಇರಬಾರದು. ಕೆರೆದ ಚೂರನ್ನು ಹಿತ್ತಿಲಿಗೆ ಸುರಿಯದೆ ಚೀಲದಲ್ಲಿ ಕಟ್ಟಬೇಕು, ನೆಲ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಕೂಲಿಗೆ ಬಂದ ಪೇಂಟರನಿಗೆ ಒಳ್ಳೆಯ ಮಾಸ್ಕ್, ಕೈಕಾಲು ತೊಳೆಯಲು ಸೋಪು, ಬಟ್ಟೆ ಬದಲಿಸಲು ಜಾಗ ಕೊಡುವುದು ಮನೆಯೊಡೆಯನ ಹೊಣೆ. ಇಲ್ಲವಾದರೆ ಅವನ ಅಂಗಿಗಂಟಿದ ಧೂಳು ಅವನ ಮಕ್ಕಳಿರುವ ಮನೆಗೇ ಹೋಗುತ್ತದೆ.