ಹಲ್ಲಿನ ಶಿಬಿರ: ಚೀಟಿ ಕೊಟ್ಟರೆ ಸಾಲದು



ಹಲ್ಲಿನ ತಪಾಸಣಾ ಶಿಬಿರ ಅಂದರೆ ನಮ್ಮ ಸಂಘಗಳಲ್ಲಿ ಉತ್ಸಾಹಕ್ಕೆ ಕೊರತೆ ಇಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಲ್ಲಿ ಮಾಡಿದರೂ ಶಾಲೆಯ ಅಂಗಳ ತುಂಬುತ್ತದೆ. ಬ್ಯಾನರ್ ಕಟ್ಟುತ್ತೇವೆ, ದೀಪ ಹಚ್ಚುತ್ತೇವೆ, ಇಷ್ಟು ಜನ ಬಂದರು ಅಂತ ವರದಿ ಬರೆಯುತ್ತೇವೆ. ಡಾಕ್ಟರರು ಬಾಯಿ ನೋಡಿ ಚೀಟಿ ಕೊಡುತ್ತಾರೆ. ಆ ಚೀಟಿ ಮುಂದೆ ಏನಾಯಿತು ಅಂತ ನಾವು ಬಹಳ ವರ್ಷ ಕೇಳಲೇ ಇಲ್ಲ. ಈ ತಪ್ಪು ನಮ್ಮದೇ.

ವಾಡಿ ಕಡೆಯ ಒಂದು ಸಂಘದ ಹಿರಿಯ ಸದಸ್ಯೆಯೊಬ್ಬರಿಗೆ ಕೆನ್ನೆಯ ಒಳಗೆ ಬಿಳಿ ಮಚ್ಚೆ ಇತ್ತು. ತಂಬಾಕು, ಸುಣ್ಣ ಒತ್ತಿ ಇಟ್ಟುಕೊಳ್ಳುವ ಜಾಗ ಅದೇ. ಡಾಕ್ಟರರು ಕಲಬುರಗಿಗೆ ಹೋಗಬೇಕೆಂದು ಚೀಟಿ ಬರೆದರು. “ಇರಲಿ ಬಿಡ್ರಿ ಸಿಸ್ಟರ್, ಸುಣ್ಣ ಹತ್ತಿ ಸುಟ್ಟದ, ತಾನೇ ಹೋಗ್ತದ” ಅಂದರು ಅವರು. ಚೀಟಿ ರೇಷನ್ ಕಾರ್ಡಿನ ಜೊತೆ ಟ್ರಂಕ್ ಸೇರಿತು. ಎಂಟು ತಿಂಗಳ ನಂತರ ಊಟ ನುಂಗಲು ಆಗದೆ ಬಂದಾಗ ಅದು ಕ್ಯಾನ್ಸರ್ ಆಗಿತ್ತು. ದವಡೆಯ ಒಂದು ಭಾಗ ತೆಗೆದರು. ಅವರು ಬದುಕಿದ್ದಾರೆ, ಸಂಘದ ಸಭೆಗೂ ಬರುತ್ತಾರೆ. ಆದರೆ ಸೆರಗಿನಿಂದ ಮುಖ ಮುಚ್ಚಿಕೊಂಡು ಕೂಡುತ್ತಾರೆ, ಜೋಳದ ರೊಟ್ಟಿ ಅಗಿಯಲು ಆಗುವುದಿಲ್ಲ, ಹಾಲಿನಲ್ಲಿ ನೆನೆಸಿ ತಿನ್ನುತ್ತಾರೆ.

ಆಮೇಲೆ ನಾವು ಮನೆಮನೆಗೆ ಹೋಗಿ ಕೇಳಿದೆವು: ಚೀಟಿ ಸಿಕ್ಕರೂ ಯಾಕೆ ಹೋಗಲಿಲ್ಲ? ಒಂದು ದಿನದ ಕೂಲಿ ಹೋಗುತ್ತದೆ ಅಂದರು. ಕಲಬುರಗಿಯಲ್ಲಿ ಎಲ್ಲಿ ಇಳಿಯಬೇಕೋ ಗೊತ್ತಿಲ್ಲ ಅಂದರು. ಮಗಳ ಮದುವೆಗೆ, ಎಮ್ಮೆಗೆ ಸಾಲ ಕೇಳಬಹುದು, “ಹಲ್ಲಿಗಂತ ಸಾಲ ಕೇಳಲಕ ನಾಚಿಕಿ ಬರ್ತದ” ಅಂದರು ಒಬ್ಬ ತಂಗಿ. ಎಲ್ಲಕ್ಕಿಂತ ಹೆಚ್ಚು ಕೇಳಿಬಂದ ಮಾತು ಇದು: “ಹಲ್ಲು ತೊಳಸ್ಕೊಂಡ್ರ ಸಡ್ಲಾಗಿ ಉದುರ್ತಾವಂತ.”

ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ನಮ್ಮದು ಸುಣ್ಣಕಲ್ಲಿನ ಸೀಮೆ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ಒಳಗೆ ಬಿಳಿ ಪದರ ಕಟ್ಟುವುದನ್ನು ನೀವೆಲ್ಲ ನೋಡಿದ್ದೀರಿ. ಬಾಯಲ್ಲೂ ಹಾಗೇ. ಉಂಡ ಮೇಲೆ ಹಲ್ಲಿನ ಬುಡದಲ್ಲಿ ಮೆತ್ತನೆಯ ಅಂಟು ಕೂಡುತ್ತದೆ, ಅದರಲ್ಲಿ ರೋಗಾಣುಗಳಿರುತ್ತವೆ. ದಿನವೂ ಉಜ್ಜಿದರೆ ಹೋಗುತ್ತದೆ. ಬಿಟ್ಟರೆ ಜೊಲ್ಲಿನಲ್ಲಿರುವ ಖನಿಜ ಸೇರಿ ಕಲ್ಲಾಗುತ್ತದೆ. ಒಮ್ಮೆ ಕಲ್ಲಾದ ಮೇಲೆ ಬ್ರಷ್, ಬೇವಿನ ಕಡ್ಡಿ, ಉಪ್ಪು ಯಾವುದಕ್ಕೂ ಬಿಡುವುದಿಲ್ಲ. ಆ ಕಲ್ಲು ಒಸಡನ್ನು ಕೆಳಗೆ ತಳ್ಳುತ್ತ ಹೋಗುತ್ತದೆ. ಮೊದಲು ರಕ್ತ, ಆಮೇಲೆ ವಾಸನೆ, ಆಮೇಲೆ ಹಲ್ಲು ಹಿಡಿದುಕೊಂಡ ಎಲುಬೇ ಕರಗುತ್ತದೆ. ನೋವು ಮಾತ್ರ ಬಹಳ ತಡವಾಗಿ ಬರುತ್ತದೆ, ಅದಕ್ಕೇ ಮೋಸ ಹೋಗುತ್ತೇವೆ.

ಡಾಕ್ಟರರು ಮಷೀನಿನಿಂದ ಈ ಕಲ್ಲು ತೆಗೆದಾಗ ಅಲ್ಲಿ ಸಂದು ಕಾಣುತ್ತದೆ. ನಾಲ್ಕಾರು ದಿನ ತಣ್ಣೀರು ಜುಮ್ ಅನ್ನುತ್ತದೆ. ಹಲ್ಲು ಮೊದಲೇ ಸಡಿಲಾಗಿತ್ತು, ಕಲ್ಲು ಅದನ್ನು ಗಾರೆಯ ಹಾಗೆ ಹಿಡಿದಿಟ್ಟಿತ್ತು, ಈಗ ಗೊತ್ತಾಯಿತು ಅಷ್ಟೆ. ಕ್ಲೀನ್ ಮಾಡಿಸಿ ಮನೆಯಲ್ಲಿ ಸರಿಯಾಗಿ ಉಜ್ಜಿದರೆ ಒಸಡು ಮತ್ತೆ ಬಿಗಿಯಾಗುತ್ತದೆ, ರಕ್ತ ನಿಲ್ಲುತ್ತದೆ. ಸಕ್ಕರೆ ಕಾಯಿಲೆ ಇರುವ ಅಕ್ಕಂದಿರು ಇದನ್ನು ಬಿಡಲೇಬಾರದು. ಒಸಡಿನ ಸೋಂಕು ಇದ್ದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ, ಸಕ್ಕರೆ ಹೆಚ್ಚಿದ್ದರೆ ಒಸಡು ವಾಸಿಯಾಗುವುದು ಕಷ್ಟ. ಬಸುರಿಯರಿಗೂ ಒಸಡು ಊದಿ ರಕ್ತ ಬರುವುದುಂಟು. ಒಂಬತ್ತು ತಿಂಗಳು ಹಲ್ಲಿನ ಡಾಕ್ಟರರ ಹತ್ತಿರ ಹೋಗಬಾರದು ಅನ್ನುವುದು ಸುಳ್ಳು. ನಾಲ್ಕರಿಂದ ಆರನೇ ತಿಂಗಳು ಚಿಕಿತ್ಸೆಗೆ ಅನುಕೂಲ ಕಾಲ. ಬಸುರಿ ಅಂತ ಮೊದಲೇ ಹೇಳಬೇಕು.

ಬ್ರಷ್ ಮೆತ್ತನೆಯದು ಇರಲಿ, ಮೂರು ತಿಂಗಳಿಗೊಮ್ಮೆ ಬದಲಿಸಿ. ಕಡಲೆ ಕಾಳಿನಷ್ಟು ಪೇಸ್ಟ್ ಸಾಕು. ಬೆಳಿಗ್ಗೆ ಎಲ್ಲರೂ ಉಜ್ಜುತ್ತೇವೆ, ರಾತ್ರಿ ಉಂಡ ಮೇಲೆ ಉಜ್ಜುವುದು ಅದಕ್ಕಿಂತ ಮುಖ್ಯ. ಇದ್ದಲಿ, ಇಟ್ಟಂಗಿ ಪುಡಿ ಹಲ್ಲನ್ನೇ ಸವೆಸುತ್ತವೆ. ಮಶೇರಿಯಂತೂ ಸುಟ್ಟ ತಂಬಾಕು. “ಹಲ್ಲಿಗೆ ಒಳ್ಳೇದು” ಅಂತ ಶುರುವಾಗಿ ದಿನಕ್ಕೆ ನಾಲ್ಕು ಸಲ ಉಜ್ಜುವ ಚಟವಾಗುತ್ತದೆ. ಹಲ್ಲಿನ ಪುಡಿ, ಪೇಸ್ಟಿನಲ್ಲಿ ತಂಬಾಕು ಸೇರಿಸುವುದನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲಿ ಬಂದ್ ಆಯಿತು, ಆದರೆ ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು ಮಾಡಿ ಮಾರುವುದು ನಿಲ್ಲಲಿಲ್ಲ. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ ಪ್ರಕಟಿಸಿದೆ. ಕಲ್ಲಿನ ಗಣಿಯಲ್ಲಿ ದುಡಿಯುವವರು “ಧೂಳಿಗೆ ಬಾಯಿ ಆರಬಾರದಂತ ಹಾಕ್ಕೋತೀವಿ” ಅನ್ನುತ್ತಾರೆ. ಅವರಿಗೆ ನೀರಿನ ಬಾಟಲಿ ಕಟ್ಟಿಕೊಡಿ, ಬೈದರೆ ಯಾರೂ ಬಿಡುವುದಿಲ್ಲ.

ಮನೆಯಲ್ಲೇ ತಿಂಗಳಿಗೊಮ್ಮೆ ಕನ್ನಡಿ ಮುಂದೆ ನಿಂತು ಬಾಯಿ ನೋಡಿಕೊಳ್ಳಿ. ಕೆನ್ನೆ, ನಾಲಿಗೆಯ ಅಡಿ, ಒಸಡು. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಖಾರ ತಾಳದ ಉರಿ ಇದ್ದರೆ ತಡಮಾಡಬೇಡಿ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹೋಗುತ್ತವೆಯೇ ನೋಡಿ. ಹೋಗದಿದ್ದರೆ, ಅಡಿಕೆ ತಿನ್ನುವವರಾದರೆ, ಆ ವಾರವೇ ತೋರಿಸಬೇಕು.

ಇನ್ನು ಶಿಬಿರದ ಮಾತು. ಡಾಕ್ಟರರನ್ನು ಕೇಳಲು ಹೆದರಬೇಡಿ. ಒಬ್ಬರ ಬಾಯಿಗೆ ಹಾಕಿದ ಕನ್ನಡಿ, ಕೊಕ್ಕೆ ಇನ್ನೊಬ್ಬರಿಗೆ ಹಾಗೇ ಹಾಕಬಾರದು. ಸುಮ್ಮನೆ ಕುದಿಸಿದರೆ ಸಾಲದು. ನಮ್ಮ ಕುಕ್ಕರಿನ ಹಾಗೆ ಒತ್ತಡದ ಉಗಿಯಲ್ಲಿ, 121 ಡಿಗ್ರಿಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್ ಇರಬೇಕು, ಇಲ್ಲವಾದರೆ ಕಾಮಾಲೆಯಂಥ ರೋಗ ರಕ್ತದಿಂದ ಹರಡಬಹುದು. ಗ್ಲೌಸ್ ಒಬ್ಬರಿಗೆ ಒಂದು ಜೊತೆ. ಹೆಣ್ಣುಮಕ್ಕಳು ಗಂಡಸರ ಎದುರು ಬಾಯಿ ತೆರೆಯಲು ನಾಚುತ್ತಾರೆ, ಒಂದು ಪರದೆ ಕಟ್ಟಿದರೆ ಅರ್ಧ ಕೆಲಸ ಆದಂತೆ. ಚಿಂಚೋಳಿಯ ತಾಂಡಾಗಳಿಂದ ಬರುವ ಅಜ್ಜಿಗೆ ಲಂಬಾಣಿ ಮಾತಿನಲ್ಲಿ, ಶಹಾಬಾದದ ಆಪಾಗೆ ಉರ್ದುವಿನಲ್ಲಿ ತಿಳಿಸಿ ಹೇಳಲು ಸಂಘದ ಒಬ್ಬ ಹುಡುಗಿ ಡಾಕ್ಟರರ ಪಕ್ಕ ನಿಲ್ಲಲಿ. ಸಂತೆಯಲ್ಲಿ ಕೂತು ಆಸಿಡ್ ಹಚ್ಚಿ ಹಲ್ಲು ಬೆಳ್ಳಗೆ ಮಾಡುವವರ, ತಂತಿ ಸುತ್ತಿ ಹಲ್ಲು ಕಟ್ಟುವವರ ಹತ್ತಿರ ಮಾತ್ರ ಹೋಗಬೇಡಿ. ಇದ್ದ ಹಲ್ಲೂ ಹೋಗುತ್ತವೆ.

ಈಗ ನಾವು ಪ್ರತಿ ಸಂಘದ ನಡಾವಳಿ ಪುಸ್ತಕದಲ್ಲಿ ಒಂದು ಪುಟ ಬೇರೆ ತೆಗೆದಿದ್ದೇವೆ. ಚೀಟಿ ಸಿಕ್ಕವರ ಹೆಸರು, ಏನು ಕಂಡಿತು, ಯಾವ ದಿನ ಹೋಗಬೇಕು, ಜೊತೆಗೆ ಯಾರು ಹೋಗುತ್ತಾರೆ, ಹೋಗಿ ಬಂದ ಮೇಲೆ ಡಾಕ್ಟರರು ಏನಂದರು. ವಾರದ ಸಭೆಯಲ್ಲಿ ಉಳಿತಾಯ ಓದುವಾಗಲೇ ಈ ಪುಟವನ್ನೂ ಓದುತ್ತಾರೆ. ಸೇಡಂ ಹತ್ತಿರದ ಒಂದು ಸಂಘ ಇನ್ನೂ ಮುಂದೆ ಹೋಗಿ, ಜೊತೆಗೆ ಹೋದವಳ ಆ ದಿನದ ಕೂಲಿಯ ಅರ್ಧವನ್ನು ಸಂಘದಿಂದ ಕೊಡುತ್ತದೆ. ಹಲ್ಲಿನ ಸಾಲಕ್ಕೆ ಬಡ್ಡಿ ಕಡಿಮೆ ಮಾಡಿಕೊಂಡಿದ್ದಾರೆ. ನಮಗೆ ಇದು ಹೊಳೆದಿರಲಿಲ್ಲ, ಅವರೇ ಮಾಡಿದ್ದು.

ಬಸ್ ಚಾರ್ಜಿನ ಚಿಂತೆ 2023ರ ಜೂನ್ 11ರಿಂದ ಕಡಿಮೆಯಾಗಿದೆ. ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣ ಇಲ್ಲ. ವಾಡಿ, ಶಹಾಬಾದದವರಿಗೆ ರೈಲೂ ಇದೆ, ಚಿಂಚೋಳಿಯವರಿಗೆ ಬಸ್ಸೇ ಗತಿ, ಅವರು ಮೊದಲ ಬಸ್ ಹಿಡಿಯಬೇಕು. ಕಲಬುರಗಿಯಲ್ಲಿ ಎಸ್. ನಿಜಲಿಂಗಪ್ಪ ದಂತ ಕಾಲೇಜು, ಅಲ್-ಬದರ್ ಗ್ರಾಮೀಣ ದಂತ ಕಾಲೇಜು ಇವೆ. ಕಾಲೇಜುಗಳಲ್ಲಿ ಖಾಸಗಿ ಕ್ಲಿನಿಕ್‌ಗಿಂತ ಖರ್ಚು ಕಡಿಮೆ. ಇಎಸ್‌ಐ ಕಾರ್ಡ್ ಇರುವ ಕಾರ್ಮಿಕರ ಮನೆಯವರು ಇಎಸ್‌ಐ ಆಸ್ಪತ್ರೆಗೆ ಹೋಗಬಹುದು. ಮಚ್ಚೆ, ಮಾಯದ ಹುಣ್ಣು ಇದ್ದವರಿಗೆ ಕಿದ್ವಾಯಿ ಸಂಸ್ಥೆಯ ಕೇಂದ್ರವೂ ಕಲಬುರಗಿಯಲ್ಲೇ ಇದೆ, ಬೆಂಗಳೂರಿಗೆ ಓಡಬೇಕಾಗಿಲ್ಲ. ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದ ಸೌಲಭ್ಯಕ್ಕಾಗಿ ಮೊದಲು ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ ರೆಫರಲ್ ಬರೆಸಿಕೊಳ್ಳಿ. ಹಲ್ಲೇ ಇಲ್ಲದ ಬಡ ಹಿರಿಯರಿಗೆ ದಂತಭಾಗ್ಯ ಯೋಜನೆಯ ಬಗ್ಗೆಯೂ ಅಲ್ಲೇ ವಿಚಾರಿಸಿ.

ಹೊರಡುವಾಗ ಆಧಾರ್, ರೇಷನ್ ಕಾರ್ಡ್, ಶಿಬಿರದ ಚೀಟಿ, ತೆಗೆದುಕೊಳ್ಳುವ ಮಾತ್ರೆಗಳು ಚೀಲದಲ್ಲಿರಲಿ. ಮನೆಯಲ್ಲಿ ತಿಂಡಿ ತಿಂದೇ ಹೊರಡಿ, ಸಕ್ಕರೆ ಕಾಯಿಲೆಯವರು ಮರೆಯದೆ. ಟ್ರಂಕಿನಲ್ಲಿ ಹಳೇ ಚೀಟಿ ಇದ್ದರೆ ಅದನ್ನೂ ಈ ವಾರದ ಸಭೆಗೆ ತನ್ನಿ, ತಾರೀಖು ಎಷ್ಟೇ ಹಿಂದಿನದಿರಲಿ.