ಲೋಡ್ ಇದ್ದರೆ ಮಾತ್ರ ಮಿಸ್ಸಿಂಗ್

ಉಜಿರೆ ದಾಟಿ ಚಾರ್ಮಾಡಿಗೆ ಹೋಗುವ ರಸ್ತೆಯಲ್ಲಿ ಬೆಳಕು ಹರಿಯುವ ಮೊದಲೇ ಮೀನಿನ ವಾಸನೆ. ಮಂಗಳೂರಿನ ದಕ್ಕೆಯಲ್ಲಿ ಬಂಗುಡೆ, ಬೂತಾಯಿ ತುಂಬಿಕೊಂಡ ಪಿಕಪ್‌ಗಳು ಐಸ್ ಕರಗುವುದರೊಳಗೆ ಘಾಟಿ ಹತ್ತಿ ಕೊಟ್ಟಿಗೆಹಾರ, ಮೂಡಿಗೆರೆ ಸೇರಬೇಕು. ಹೊಸ ಗಾಡಿಗಳ ನಡುವೆ ಹಳೇ ಬೊಲೆರೊ ಪಿಕಪ್‌ಗಳೂ ಟಾಟಾ 207ಗಳೂ ಇನ್ನೂ ದುಡಿಯುತ್ತಿವೆ. ಅಂಥದೊಂದು ಬೊಲೆರೊ ಮಧ್ಯಾಹ್ನ ಮೀನು ಇಳಿಸಿ ಬಂದು ಘಾಟಿಯ ಬುಡದ ಗ್ಯಾರೇಜಿನೆದುರು ನಿಂತಿದೆ. ಬಾಡಿಯಿಂದ ಇನ್ನೂ ಉಪ್ಪುನೀರು ತೊಟ್ಟಿಕ್ಕುತ್ತಿದೆ.

“ಎಂತ ಆಯ್ತು?”

“ಎಂತ ಹೇಳುದು ಅಣ್ಣ, ಖಾಲಿ ಇದ್ರೆ ಎಂತ ತೊಂದ್ರೆಯೂ ಇಲ್ಲ. ಲೋಡ್ ಹಾಕಿ ಘಾಟಿ ಹಿಡಿದ್ರೆ ಮಿಸ್ಸಿಂಗ್. ಪಿಕಪ್ಪೇ ಇಲ್ಲ. ಪಂಪ್ ಹೋಗಿದೆ ಅಂತ ಎಲ್ರೂ ಹೇಳ್ತಾರೆ.”

“ಹೇಳ್ಲಿ ಮಾರಾಯ. ಪಂಪಿಗೆ ಕೈ ಹಾಕುದು ಕಡೆಗೆ.”

ಬಾನೆಟ್ ಎತ್ತಿ ಸ್ಟಾರ್ಟ್ ಮಾಡಿದರೆ ನಾಲ್ಕು ಸಿಲಿಂಡರಿನ, 2523 ಸಿಸಿಯ ಎಂಜಿನ್ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಈ ರೋಗದ ಗುಣವೇ ಅದು. ನಿಂತಲ್ಲಿ ಓಡುವ ಎಂಜಿನ್ನಿಗೆ ಬೇಕಾದ ಡೀಸೆಲ್ ತೀರಾ ಕಡಿಮೆ. ಅರ್ಧ ಕಟ್ಟಿಕೊಂಡ ಫಿಲ್ಟರ್ ಕೂಡ ಅಷ್ಟನ್ನು ಕೊಟ್ಟೀತು. ಟನ್ನುಗಟ್ಟಲೆ ಭಾರ ಹೊತ್ತು ಎರಡನೇ ಗೇರಿನಲ್ಲಿ ಏರು ಹತ್ತುವಾಗ ಮಾತ್ರ ಕೊರತೆ ಬಯಲಿಗೆ ಬರುತ್ತದೆ. ಹಾಗಾಗಿ ಪರೀಕ್ಷೆಗೂ ಲೋಡ್ ಬೇಕು. ಹುಡುಗರು ಮರಳಿನ ಚೀಲ ಏರಿಸುತ್ತಾರೆ. ಮೆಕ್ಯಾನಿಕ್ ಡ್ರೈವರ್ ಪಕ್ಕ ಕೂತು ಘಾಟಿಯ ಮೊದಲ ತಿರುವುಗಳವರೆಗೆ ಹೋಗಿಬರುತ್ತಾನೆ. ದಾರಿಯುದ್ದಕ್ಕೂ ಅವನ ಕಣ್ಣು ಕನ್ನಡಿಯಲ್ಲಿ ಕಾಣುವ ಹೊಗೆಯ ಮೇಲೆ. ಕಪ್ಪು ಹೊಗೆಯಾದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿಯಾದರೆ ಡೀಸೆಲ್ ಉರಿಯದೆ ಹೊರಬೀಳುತ್ತಿರಬಹುದು. ಇಲ್ಲಿ ಕಪ್ಪಿಲ್ಲ, ನೀಲಿಯಿಲ್ಲ. ಎಂಜಿನ್ ತಡವರಿಸಿದಾಗಲಷ್ಟೇ ಬಿಳಿಯ ಒಂದೊಂದು ಉಗುಳು.

ಗ್ಯಾರೇಜಿಗೆ ಮರಳಿದ ಮೇಲೆ 17ರ ಸ್ಪ್ಯಾನರ್ ಹೊರಬರುತ್ತದೆ. ಎಂಜಿನ್ ಓಡುತ್ತಿರುವಂತೆಯೇ ನಾಝಲ್ಲಿಗೆ ಬರುವ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಬಿಗಿಯುತ್ತಾನೆ. ಕೆಲಸ ಮಾಡುವ ಸಿಲಿಂಡರಾದರೆ ನಟ್ಟು ಸಡಿಲವಾದೊಡನೆ ಎಂಜಿನ್ ಸದ್ದು ಕುಸಿಯಬೇಕು. ಸದ್ದು ಬದಲಾಗದಿದ್ದರೆ ಕಳ್ಳ ಅಲ್ಲೇ ಇದ್ದಾನೆ: ನಾಝಲ್, ವಾಲ್ವ್ ಇಲ್ಲವೇ ಕಂಪ್ರೆಷನ್. ಇಲ್ಲಿ ನಾಲ್ಕರಲ್ಲೂ ಸದ್ದು ಒಂದೇ ಸಮ ಕುಸಿಯಿತು. ಅಂದರೆ ತೊಂದರೆ ಯಾವುದೋ ಒಂದು ಸಿಲಿಂಡರಿನದ್ದಲ್ಲ. ನಾಲ್ಕಕ್ಕೂ ಬರುವ ಡೀಸೆಲ್ಲಿನದ್ದು.

ಫಿಲ್ಟರಿನ ತಳದ ಸ್ಕ್ರೂ ಬಿಚ್ಚಿ ತಟ್ಟೆ ಹಿಡಿದರೆ ಒಂದಿಷ್ಟು ನೀರು, ಕಂದು ಕೆಸರು. ಹೊಸ ಫಿಲ್ಟರ್ ಹಾಕಿ ಮತ್ತೆ ಘಾಟಿಗೆ. ಕೊಂಚ ವಾಸಿ, ಪೂರ್ತಿ ಇಲ್ಲ. ಏರ್ ತೆಗೆಯುವ ಸ್ಕ್ರೂ ಸಡಿಲಿಸಿ ಪ್ರೈಮರ್ ಒತ್ತಿದಾಗ ಸ್ವಚ್ಛ ಡೀಸೆಲ್ಲಿನ ಬದಲು ನೊರೆ. ಎಲ್ಲಿಂದಲೋ ಗಾಳಿ ಸೇರುತ್ತಿದೆ.

ಈಗ ಐದು ಲೀಟರಿನ ಕ್ಯಾನ್. ಅದರಲ್ಲಿ ಡೀಸೆಲ್ ತುಂಬಿ ಭದ್ರವಾಗಿ ಕಟ್ಟಿ, ಟ್ಯಾಂಕಿನ ಲೈನ್ ಕಳಚಿ, ಫೀಡ್ ಪಂಪಿಗೆ ಅಲ್ಲಿಂದಲೇ ಪಾರದರ್ಶಕ ಪೈಪ್. ಅದೇ ಮರಳು, ಅದೇ ಏರು, ಮಿಸ್ಸಿಂಗ್ ಮಾಯ! ಪಂಪೂ ನಾಝಲ್ಲುಗಳೂ ಒಮ್ಮೆಲೇ ನಿರ್ದೋಷಿಗಳಾದವು. ಉಳಿದದ್ದು ಟ್ಯಾಂಕಿನಿಂದ ಎಂಜಿನ್ನಿನವರೆಗಿನ ದಾರಿ. ಚಾಸಿಯಡಿ ಟಾರ್ಚ್ ಹಿಡಿದು ಮಲಗಿ, ಕಬ್ಬಿಣದ ಪೈಪನ್ನು ಬೆರಳಲ್ಲಿ ಸವರುತ್ತ ಹೋದಾಗ ಕ್ಲಿಪ್ಪಿನ ಕೆಳಗೆ ತುಕ್ಕು ಪುಡಿಪುಡಿಯಾಗಿ ಉದುರಿತು. ಒಳಗೆ ಸೂಜಿಮೊನೆಯಷ್ಟು ತೂತು. ವರ್ಷಗಟ್ಟಲೆ ಮೀನಿನ ಪೆಟ್ಟಿಗೆಯ ಉಪ್ಪುನೀರು ಬಿದ್ದ ಜಾಗ. ಇದು ಪಂಪ್ ಎಳೆದುಕೊಳ್ಳುವ ಲೈನ್ ಆದ್ದರಿಂದ ಡೀಸೆಲ್ ಹೊರಗೆ ಸೋರಲಿಲ್ಲ, ಗಾಳಿ ಒಳಗೆ ನುಗ್ಗಿತು. ಲೋಡ್ ಹೆಚ್ಚಿದಷ್ಟೂ ಎಳೆತ ಹೆಚ್ಚು, ಗಾಳಿಯೂ ಹೆಚ್ಚು.

ಪೈಪಿನ ತುಂಡು, ತಾಮ್ರದ ವಾಷರ್, ಕ್ಲಿಪ್ಪು: ರಿಪೇರಿ ಅಷ್ಟೇ. ಪಂಪ್ ಬಿಚ್ಚಿದ್ದರೆ ಕತೆ ಬೇರೆ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೋ, ಸ್ಪಾರ್ಕ್ ಪ್ಲಗ್ಗಿನ ಜತೆಗೆ ಡೀಸೆಲ್ ಪಂಪು, ನಾಝಲ್ಲುಗಳನ್ನೂ ದೇಶದ ಗಾಡಿಗಳಿಗೆ ಒದಗಿಸಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾದರೂ ಹಳಬರ ಬಾಯಲ್ಲಿ ಅದು ಮೈಕೋ ಪಂಪೇ. ಒಳಗೆಲ್ಲ ಕೂದಲೆಳೆಗಿಂತ ಸೂಕ್ಷ್ಮ ಅಳತೆ. ಕಳಚಿದರೆ ಟೆಸ್ಟ್ ಬೆಂಚಿಗೆ ಒಯ್ಯಬೇಕು, ವಾಪಸ್ ಕೂರಿಸುವಾಗ ಟೈಮಿಂಗ್ ಸರಿಹೊಂದಿಸಬೇಕು. ಖರ್ಚು ಸಾವಿರಗಳಲ್ಲಿ, ಗಾಡಿ ನಿಲ್ಲುವುದು ದಿನಗಟ್ಟಲೆ. ಅಷ್ಟೆಲ್ಲ ಆದಮೇಲೂ ಆ ತೂತು ಅಲ್ಲೇ ಇರುತ್ತಿತ್ತು.

ಹಳೇ ಪಿಕಪ್ ಇಟ್ಟುಕೊಂಡವರು ಇಷ್ಟು ನೆನಪಿಟ್ಟುಕೊಂಡರೆ ಸಾಕು: ಫಿಲ್ಟರಿನ ನೀರನ್ನು ಆಗಾಗ ತೆಗೆಯಿರಿ, ಉಪ್ಪುನೀರು ಬೀಳುವ ಗಾಡಿಯಾದರೆ ಚಾಸಿಯಡಿ ತೊಳೆಸಿ, ಮಿಸ್ಸಿಂಗ್ ಬಂದರೆ ಕಡಿಮೆ ಖರ್ಚಿನ ಕಡೆಯಿಂದ ಹುಡುಕಿಸಿ. ನಟ್ಟು ಸಡಿಲಿಸುವ ಪರೀಕ್ಷೆ ಹಳೇ ಮೆಕ್ಯಾನಿಕಲ್ ಪಂಪಿನ ಎಂಜಿನ್ನಿಗಷ್ಟೇ, ಅದೂ ನುರಿತ ಕೈಯಲ್ಲಿ. ಈಚಿನ ಕಾಮನ್ ರೈಲ್ ಎಂಜಿನ್ನಿನ ಪೈಪಿನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ; ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಹೊಕ್ಕೀತು. ಅದಕ್ಕೆ ಸ್ಕ್ಯಾನರ್ ಹಚ್ಚಿಸಿ, ಸ್ಪ್ಯಾನರ್ ಹಚ್ಚಲು ಬಿಡಬೇಡಿ.