ಜಾನಪದ ಲೋಕಕ್ಕೆ ಹೋಗೋ ಮುಂಚೆ ಇಷ್ಟು ತಿಳ್ಕೊಂಡಿರಿ

ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಹಳೇ ಜನಪದ ವಾದ್ಯಗಳನ್ನು ಕೂಡಿಸಿ ಇಟ್ಟಿದ್ದಾರೆ. ಸುಮ್ನೆ ಫೋಟೊ ಹೊಡ್ಕೊಂಡು ಬಂದ್ರೆ ಅರ್ಧ ಮಾತ್ರ ನೋಡಿದಂಗೆ.

ತಮಟೆಯನ್ನೇ ತಗೊಳ್ಳಿ. ಬಾರಿಸುವ ಮುಂಚೆ ಬೆಂಕಿಗೆ ಹಿಡೀತಾರಲ್ಲ, ಅದು ಶಾಸ್ತ್ರಕ್ಕಲ್ಲ. ಗಾಳಿಯ ತೇವಕ್ಕೆ ಚರ್ಮ ಸಡಿಲವಾಗಿ ದನಿ ಮಂಕಾಗುತ್ತೆ. ಕಾವು ತಾಗಿದರೆ ಬಿಗಿಯಾಗಿ ಗಟ್ಟಿ ದನಿ ಬರುತ್ತೆ. ಚೌಡಿಕೆ ಇನ್ನೊಂದು ಥರ: ತಂತಿಯ ತುದಿ ಚರ್ಮಕ್ಕೇ ಸೇರಿರುತ್ತೆ, ಬಿಗಿ ಮಾಡಿದಷ್ಟೂ ಸ್ವರ ಏರುತ್ತೆ.

ಗೋಡೆಗೆ ನೇತುಹಾಕಿದ ವಾದ್ಯದಲ್ಲಿ ಇದ್ಯಾವುದೂ ಕೇಳಿಸಲ್ಲ. ಹಾಗಾಗಿ ಮೊದಲು ನಮ್ಮೂರಲ್ಲೇ ಬಾರಿಸೋರ ಹತ್ರ ಕೂತು ಕೇಳಿ, ಮಕ್ಕಳಿಗೂ ಕೇಳಿಸಿ. ಟಿಕೆಟ್ ತಗೊಂಡು ನೋಡೋಕೆ ಹೋಗ್ತೀವಿ. ಅಂಗಡಿ ಮುಂದೆ ಚೌಡಿಕೆ ಹಿಡಿದು ಬಂದವರಿಗೆ ಮಾತ್ರ ‘ಮುಂದೆ ಹೋಗಮ್ಮ’ ಅಂತೀವಿ.